ಎಡಗಡೆ ಓಡುವ ನಮ್ಮ ಕಾರು, ಬಲಗಡೆ ಓಡಿಸುವ ದೇಶ: ಹೆಡ್‌ಲೈಟಿಗೆ ಏನು ಮಾಡಬೇಕು?

ಹುಬ್ಬಳ್ಳಿಯಿಂದ ನೇಪಾಳ, ಟಿಬೆಟ್, ಕಝಾಕಸ್ತಾನ ದಾಟಿ ಲಂಡನ್‌ವರೆಗೆ ನಿಮ್ಮದೇ ಕಾರಿನಲ್ಲಿ ಹೊರಟಿದ್ದೀರಿ. ಹೆಡ್‌ಲೈಟ್ ಪೂರ್ತಿ ಬದಲಿಸಬೇಕಾ, ಕಪ್ಪು ಟೇಪ್ ಹಚ್ಚಿದರೆ ಸಾಕಾ ಎಂದು ಕೇಳಿದ್ದೀರಿ. ಬದಲಿಸುವುದು ಬೇಡ, ದುಡ್ಡು ದಂಡ. ಹಾಗಂತ ಎಲ್ಲೋ ನೋಡಿದ ಚಿತ್ರದ ಪ್ರಕಾರ ಟೇಪ್ ಹಚ್ಚಿದರೂ ನಡೆಯೋದಿಲ್ಲ. ಎಲ್ಲಿ ಮುಚ್ಚಬೇಕು ಅನ್ನೋದನ್ನ ನಿಮ್ಮ ಕಾರಿನ ಲೈಟೇ ಹೇಳಬೇಕು.

ನಮ್ಮ ಕಡೆಯ ಕಾರಿನ ಡಿಮ್ ಲೈಟ್ ಗೋಡೆಗೆ ಬಿಟ್ಟು ನೋಡಿ. ಬೆಳಕಿನ ಮೇಲಂಚು ಬಲಕ್ಕೆ ಸಪಾಟಾಗಿರುತ್ತದೆ, ನಡುವಿನಿಂದ ಎಡಕ್ಕೆ ಸುಮಾರು 15 ಡಿಗ್ರಿ ಮೇಲೇರುತ್ತದೆ. ರಸ್ತೆ ಎಡಪಕ್ಕದಲ್ಲಿ ನಡೆಯುವವರು, ಸೈಕಲ್, ಎಮ್ಮೆ ಕಾಣಲಿ ಅಂತಲೇ ಆ ಏರು. ಬಲಗಡೆ ಓಡಿಸುವ ದೇಶದಲ್ಲಿ ಎದುರಿನ ಗಾಡಿ ನಿಮ್ಮ ಎಡಕ್ಕೆ ಬರುತ್ತದೆ, ಏರು ನೇರವಾಗಿ ಅವನ ಕಣ್ಣಿಗೇ ಹೊಡೆಯುತ್ತದೆ. ನಮ್ಮ ಬೈಪಾಸಿನಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಅದೇನಂತ ಬಿಡಿಸಿ ಹೇಳಬೇಕಿಲ್ಲ. ಹೈಬೀಮಿಗೆ ಈ ಎಡ-ಬಲದ ತಕರಾರಿಲ್ಲ.

ಮೊದಲು ಕಾರಿನ ಮ್ಯಾನುಯಲ್ ತೆಗೆದು ನೋಡಿ. ಎಲ್‌ಇಡಿ ಲೈಟಿನ ಕೆಲವು ಕಾರುಗಳಲ್ಲಿ ಸ್ಕ್ರೀನಿನ ಸೆಟ್ಟಿಂಗಿನಲ್ಲೇ ಎಡ-ಬಲ ಬದಲಿಸಬಹುದು. ಕೆಲವು ಝೆನಾನ್ ಪ್ರೊಜೆಕ್ಟರ್‌ಗಳ (ಮುಂದೆ ಗುಂಡು ಲೆನ್ಸ್ ಇರುವ ಲೈಟುಗಳ) ಹಿಂದಿನ ಮುಚ್ಚಳ ತೆಗೆದರೆ ಒಳಗೆ ಸಣ್ಣ ಲಿವರ್ ಸಿಗುತ್ತದೆ, ಅದನ್ನು ಇನ್ನೊಂದು ಕಡೆಗೆ ಒತ್ತಿದರೆ ಕೆಲಸ ಮುಗೀತು. ಲಿವರ್ ಇಲ್ಲದ ಪ್ರೊಜೆಕ್ಟರಿಗೆ ಕಪ್ಪು ಟೇಪ್ ಹಚ್ಚುವುದು ವ್ಯರ್ಥ. ಆ ಗುಂಡು ಲೆನ್ಸಿನ ಪ್ರತಿ ಭಾಗದಿಂದಲೂ ಇಡೀ ಬೆಳಕಿನ ಆಕಾರ ಬೀಳುತ್ತದೆ. ಅರ್ಧ ಮುಚ್ಚಿದರೆ ಬೆಳಕು ಮಂಕಾಗುತ್ತದೆ, ಏರು ಇದ್ದಲ್ಲೇ ಇರುತ್ತದೆ. ಅಂಥದ್ದಕ್ಕೆ ಬೆಳಕನ್ನು ತಿರುಗಿಸುವ ಗೀರುಗಳಿರುವ ಪಾರದರ್ಶಕ ಸ್ಟಿಕರ್ ಬೇಕು. ಬ್ರಿಟನ್ನಿನವರು ಯುರೋಪಿಗೆ ಹೋಗುವಾಗ ಹಚ್ಚುವಂಥದ್ದನ್ನೇ ತರಿಸಿ, ಅವರದೂ ನಮ್ಮ ಹಾಗೆ ಎಡಗಡೆಯ ಓಡಾಟ. ಅದೂ ಸಿಗದಿದ್ದರೆ ಡ್ಯಾಶ್‌ಬೋರ್ಡಿನ ಲೆವೆಲಿಂಗ್ ಗುಂಡಿಯಿಂದ ಬೆಳಕನ್ನು ಒಂದೆರಡು ಹಂತ ಕೆಳಗಿಳಿಸಿ. ಅರ್ಧಂಬರ್ಧ ಉಪಾಯ, ದೂರದ್ದು ಕಾಣುವುದು ಕಮ್ಮಿಯಾಗುತ್ತದೆ.

ಬಲ್ಬಿನ ಹಿಂದೆ ಕನ್ನಡಿಯಂಥ ಬಟ್ಟಲಿರುವ ಸಾದಾ ಹ್ಯಾಲೊಜೆನ್ ರಿಫ್ಲೆಕ್ಟರ್ ಲೈಟಾದರೆ ಮುಚ್ಚುವ ವಿದ್ಯೆ ಚೆನ್ನಾಗಿ ನಡೆಯುತ್ತದೆ. ಕತ್ತಲಾದ ಮೇಲೆ ಸಮತಟ್ಟು ನೆಲ, ಎದುರಿಗೆ ಉದ್ದ ಗೋಡೆ ಇರುವ ಜಾಗ ಹುಡುಕಿ. ಅಮರಗೋಳದ ಎಪಿಎಂಸಿ ಕಡೆ ಗೋಡೌನ್ ಗೋಡೆ ಸಿಕ್ಕರೆ ಮಸ್ತ್, ವಾಚ್‌ಮನ್‌ಗೆ ಮೊದಲೇ ಹೇಳಿಡಿ. ಪ್ರವಾಸಕ್ಕೆ ಒಯ್ಯುವ ಸಾಮಾನೆಲ್ಲ ಡಿಕ್ಕಿಯಲ್ಲಿರಲಿ, ಯಾಕಂದ್ರೆ ಹಿಂದೆ ಭಾರ ಬಿದ್ದರೆ ಮೂತಿ ಎದ್ದು ಬೆಳಕೂ ಮೇಲೇರುತ್ತದೆ. ಟೈರಿನ ಗಾಳಿ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ.

ಕಾರನ್ನು ಗೋಡೆಗೆ ತಾಗುವಷ್ಟು ಹತ್ತಿರ ತಂದು ಎರಡೂ ಲೈಟಿನ ನಡುಮಧ್ಯದ ಎತ್ತರಕ್ಕೆ ಚಾಕ್‌ಪೀಸಿನಿಂದ ಗೆರೆ ಹಾಕಿ, ನೇರ 10 ಮೀಟರ್ ಹಿಂದಕ್ಕೆ ತೆಗೆಯಿರಿ. ಸಪಾಟು ಅಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಮುಂದಿನ ಮಾತು. ಈಗ ಒಂದು ಲೈಟಿಗೆ ದಪ್ಪ ಬಟ್ಟೆ ಹೊದಿಸಿ (ಹ್ಯಾಲೊಜೆನ್ ಕಾಯುತ್ತದೆ, ಬಹಳ ಹೊತ್ತು ಬಿಡಬೇಡಿ), ಇನ್ನೊಂದರ ಗಾಜಿನ ಮೇಲೆ ಅಂಗೈಗಿಂತ ಸಣ್ಣ ರಟ್ಟಿನ ಚೂರನ್ನು ಮೆಲ್ಲಗೆ ಸರಿಸುತ್ತ ಹೋಗಿ. ಒಂದು ಜಾಗಕ್ಕೆ ಬಂದಾಗ ಗೋಡೆಯ ಮೇಲಿನ ಎಡ ಏರು ಮಾಯವಾಗಿ ಅಂಚು ಉದ್ದಕ್ಕೂ ಸಪಾಟಾಗುತ್ತದೆ. ಅದೇ ಮುಚ್ಚಬೇಕಾದ ಜಾಗ. ಗಾಜಿನ ಮೇಲೆ ಬರೆಯುವ ಪೆನ್ನಿನಿಂದ ಗುರುತು ಹಾಕಿ, ಬಟರ್ ಪೇಪರ್ ಇಟ್ಟು ಆಕಾರ ತೆಗೆದುಕೊಳ್ಳಿ. ಎರಡೂ ಲೈಟು ಏರನ್ನು ಎಸೆಯುವುದು ಎಡಕ್ಕೇ; ಹಾಗಾಗಿ ಒಂದರ ಅಳತೆಯನ್ನು ಮಗುಚಿ ಇನ್ನೊಂದಕ್ಕೆ ಹಚ್ಚಿದರೆ ತಪ್ಪುತ್ತದೆ. ಬೇರೆ ಬೇರೆ ತೆಗೆದು ‘ಎಡ’, ‘ಬಲ’ ಅಂತ ಬರೆದಿಡಿ.

ಆ ಆಕಾರವನ್ನು ರೇಡಿಯಂ ಕಟಿಂಗ್ ಅಂಗಡಿಗೆ ಕೊಟ್ಟರೆ ಕಪ್ಪು ವಿನೈಲಿನಲ್ಲಿ ಕತ್ತರಿಸಿ ಕೊಡುತ್ತಾರೆ. ಮೂರು ಜೊತೆ ಮಾಡಿಸಿ. ಪೋಲೆಂಡ್, ಸ್ವೀಡನ್ ಕಡೆ ಹಗಲೂ ಲೈಟ್ ಹಚ್ಚಿಯೇ ಓಡಿಸಬೇಕು, ಒಂದು ಜೊತೆ ಬಾಳಲಿಕ್ಕಿಲ್ಲ. ಕರೆಂಟಿನವರ ಇನ್ಸುಲೇಶನ್ ಟೇಪ್ ಬೇಡ: ಬಿಸಿಗೆ ಅಂಟು ಕರಗಿ ಜಾರುತ್ತದೆ. ಈಗಿನ ಲೈಟಿನ ‘ಗಾಜು’ ನಿಜಕ್ಕೂ ಪಾಲಿಕಾರ್ಬೊನೇಟ್, ಅದಕ್ಕೇ ಕೆಲವು ಮ್ಯಾನುಯಲ್‌ಗಳಲ್ಲಿ ಏನನ್ನೂ ಹಚ್ಚಬೇಡಿ ಅಂತ ಬರೆದಿರುತ್ತದೆ. ಹಾಗಿದ್ದರೆ ಲೆವೆಲಿಂಗ್ ಒಂದೇ ದಾರಿ. ಎಚ್4 ಅನ್ನೋ ಬಲ್ಬಿನ ಕಾರಿನಲ್ಲಿ ಡಿಮ್, ಹೈಬೀಮ್ ಎರಡಕ್ಕೂ ಒಂದೇ ಬಲ್ಬ್, ಒಂದೇ ರಿಫ್ಲೆಕ್ಟರ್, ವಿನೈಲ್ ಹಚ್ಚಿದ ಮೇಲೆ ಹೈಬೀಮೂ ಸ್ವಲ್ಪ ಸೊರಗುತ್ತದೆ.

ಹುಬ್ಬಳ್ಳಿಯಲ್ಲೇ ಹಚ್ಚಿಕೊಂಡು ಹೊರಡಬೇಡಿ. ನೇಪಾಳದಲ್ಲೂ ಎಡಗಡೆಯೇ ಓಡಾಟ; ಟಿಬೆಟ್ ಗಡಿ ದಾಟಿದ ಮೇಲೆ ಹಚ್ಚಿದರೆ ಸಾಕು. ಅಲ್ಲಿಂದ ಫ್ರಾನ್ಸಿನ ಕ್ಯಾಲೆವರೆಗೂ ಬಲಗಡೆ. ಇಂಗ್ಲೆಂಡಿಗೆ ಇಳಿಯುವ ಮೊದಲು ಮರೆಯದೆ ಕಿತ್ತುಬಿಡಿ, ಅಲ್ಲಿ ಮತ್ತೆ ನಮ್ಮದೇ ಪದ್ಧತಿ. ಐದು ನಿಮಿಷ ಲೈಟ್ ಹಚ್ಚಿಟ್ಟರೆ ಅಂಟು ಮೆತ್ತಗಾಗಿ ಸಲೀಸಾಗಿ ಬರುತ್ತದೆ. ಉಳಿದ ಅಂಟಿಗೆ ಸೋಪಿನ ನೀರು ಸಾಕು. ಪೆಟ್ರೋಲ್, ಥಿನ್ನರ್ ಹಾಕಿದರೆ ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ.

ಕೊನೆಗೆ, ಹ್ಯಾಲೊಜೆನ್ ಹೋಲ್ಡರಿನಲ್ಲಿ ಎಲ್‌ಇಡಿ ಬಲ್ಬೋ 100/90 ವ್ಯಾಟಿನದೋ (ಹೈಬೀಮಿಗೆ 100, ಡಿಮ್‌ಗೆ 90) ಹಾಕಿಸಿದ್ದರೆ ಈ ಲೆಕ್ಕ ಯಾವುದೂ ಕೂಡಿ ಬರುವುದಿಲ್ಲ. ಎಲ್‌ಇಡಿಯದು ಅಂಚೇ ಸರಿಯಾಗಿ ಬೀಳುವುದಿಲ್ಲ, 100/90ರ ಬಿಸಿಗೆ ವಿನೈಲೂ ಹೋಲ್ಡರೂ ಎರಡೂ ಕರಗುತ್ತವೆ. ಗೋಡೆಯ ಮುಂದೆ ನಿಲ್ಲಿಸುವ ಮೊದಲೇ ಎಚ್4 ಆದರೆ 60/55, ಎಚ್7 ಆದರೆ 55 ವ್ಯಾಟಿನ ಬಲ್ಬ್ ತಿರುಗಿ ಹಾಕಿಸಿ, ಒಂದು ಜೊತೆ ಡಿಕ್ಕಿಯಲ್ಲೂ ಇಟ್ಟುಕೊಳ್ಳಿ.