ಕತ್ತರಿ ಆಮೇಲೆ, ಮೊದಲು ಮಣ್ಣಿನ ಹದ ನೋಡಿ

ಚಳಿ ಕಳೆದು ಗಿಡಗಳು ಚಿಗುರುತ್ತಿವೆ, ಕೈತೋಟದಲ್ಲಿ ಈಗ ಏನೇನು ಕೆಲಸ ಮಾಡಬೇಕು, ಎಲ್ಲವನ್ನೂ ಈ ಭಾನುವಾರವೇ ಮುಗಿಸಿಬಿಡಬಹುದಾ ಎಂದು ಕೇಳಿದ್ದೀರಿ. ಹತ್ತು ಹದಿನೈದು ಕುಂಡ, ಎರಡು ಗುಲಾಬಿ, ಮೂಲೆಯಲ್ಲಿ ಒಂದು ಸಣ್ಣ ತರಕಾರಿ ಪಾತಿ ಇದೆ ಎಂದೂ ಬರೆದಿದ್ದೀರಿ.

ಮುಗಿಸಬಹುದು. ಆದರೆ ದಯವಿಟ್ಟು ಮುಗಿಸಬೇಡಿ. ನಾನು ಒಂದು ಸಲ ಹಾಗೆ ಮುಗಿಸಿದ್ದೆ. ಬೆಳಿಗ್ಗೆ ಪಾತಿ ಅಗೆದೆ, ಮಧ್ಯಾಹ್ನ ಕಣ್ಣಿಗೆ ಬಿದ್ದ ಗಿಡವನ್ನೆಲ್ಲ ಸವರಿದೆ, ಸಂಜೆಗೆ ಕುಂಡಗಳನ್ನು ಬದಲಿಸಿ, ಗೊಬ್ಬರ ಹಾಕಿ, ನೀರು ಹೊಯ್ದು, ಸೊಂಟ ಹಿಡಿದುಕೊಂಡು ಮಲಗಿದೆ. ತೋಟ ನೋಡಲು ಅಚ್ಚುಕಟ್ಟಾಗಿತ್ತು. ತಿಂಗಳು ಕಳೆಯುವಷ್ಟರಲ್ಲಿ ಪಾತಿಯ ಮಣ್ಣು ಹೆಂಟೆಹೆಂಟೆಯಾಗಿ ಕಲ್ಲಿನಂತಾಗಿತ್ತು, ಒಂದು ಮಲ್ಲಿಗೆ ಬೇರು ಕೊಳೆತು ಸತ್ತಿತ್ತು, ಪ್ರತಿ ವರ್ಷ ತುಂಬ ಹೂ ಬಿಡುತ್ತಿದ್ದ ಒಂದು ಪೊದೆ ಆ ವರ್ಷ ಒಂದೇ ಒಂದು ಮೊಗ್ಗನ್ನೂ ಬಿಡಲಿಲ್ಲ. ಮಾಡಿದ ಕೆಲಸ ಯಾವುದೂ ತಪ್ಪಲ್ಲ, ಮಾಡಿದ ಹೊತ್ತು, ಮಾಡಿದ ರೀತಿ ತಪ್ಪು.

ಆದ್ದರಿಂದ ಮೊದಲು ಮಣ್ಣು. ಕ್ಯಾಲೆಂಡರ್ ನೋಡಿ ಏನೂ ಪ್ರಯೋಜನವಿಲ್ಲ. ಭೂಮಿಯ ಉತ್ತರಾರ್ಧದಲ್ಲಿ ಮಾರ್ಚಿನಿಂದ ಮೇ ವಸಂತವಾದರೆ ದಕ್ಷಿಣಾರ್ಧದಲ್ಲಿ ಸೆಪ್ಟೆಂಬರಿನಿಂದ ನವೆಂಬರ್. ಅದರಲ್ಲೂ ಒಂದು ವರ್ಷದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ. ಪಾತಿಯಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಗಟ್ಟಿಯಾಗಿ ಹಿಸುಕಿ. ಬೆರಳಿನಿಂದ ತಟ್ಟಿದಾಗ ಉಂಡೆ ಒಡೆದು ಪುಡಿಯಾದರೆ ಹದವಾಗಿದೆ, ಗುದ್ದಲಿ ಹಾಕಬಹುದು. ತಟ್ಟಿದರೂ ಒಡೆಯದೆ, ಮೇಲ್ಮೈ ಹೊಳೆಯುತ್ತ ಜೇಡಿಯಂತೆ ಅಂಟಿಕೊಂಡರೆ ಗುದ್ದಲಿಯನ್ನು ವಾಪಸ್ ಇಡಿ, ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಹಸಿ ಮಣ್ಣನ್ನು ಅಗೆದರೆ, ಅದರ ಮೇಲೆ ಓಡಾಡಿದರೆ, ಕಣಗಳ ನಡುವಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಒಣಗಿದ ಮೇಲೆ ಅದನ್ನು ಒಡೆಯಲು ಸುತ್ತಿಗೆ ಬೇಕಾಗುತ್ತದೆ. ನನ್ನ ಪಾತಿಗೆ ಆದದ್ದು ಅದೇ, ಸರಿಹೋಗಲು ಎರಡು ವರ್ಷ ಗೊಬ್ಬರ ತಿನ್ನಿಸಬೇಕಾಯಿತು.

ಹದವಾಗಿದ್ದರೂ ಆಳಕ್ಕೆ ಅಗೆಯುವ ಅಗತ್ಯ ಹೆಚ್ಚಾಗಿ ಇರುವುದಿಲ್ಲ. ಮಣ್ಣನ್ನು ಬುಡಮೇಲು ಮಾಡಿದಷ್ಟೂ ಕೆಳಗೆ ಮಲಗಿದ್ದ ಕಳೆಬೀಜಗಳು ಬೆಳಕಿಗೆ ಬಂದು ಮೊಳೆಯುತ್ತವೆ. ಮೇಲೆ ಎರಡು ಮೂರು ಸೆಂಟಿಮೀಟರ್ ಕಳಿತ ಕಾಂಪೋಸ್ಟ್ ಹರಡಿ, ಮೇಲ್ಪದರವನ್ನು ಮಾತ್ರ ಸಡಿಲಿಸಿದರೆ ಸಾಕು. ಉಳಿದದ್ದನ್ನು ಎರೆಹುಳುಗಳು ಕೆಳಗೆ ಒಯ್ಯುತ್ತವೆ, ಕೂಲಿ ಕೇಳುವುದಿಲ್ಲ. ಕಾಂಪೋಸ್ಟ್ ಕಳಿತಿದೆಯೇ ಎಂದು ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ. ಹುಳಿ ವಾಸನೆಯೋ ಕೊಳೆತ ವಾಸನೆಯೋ ಬಂದರೆ ಇನ್ನೂ ಆಗಿಲ್ಲ.

ಇನ್ನು ಸವರುವ ಕೆಲಸ. ವಸಂತದಲ್ಲಿ ಕತ್ತರಿ ಹಿಡಿದವರ ಕೈಗೆ ಏನೋ ಒಂದು ಹುಮ್ಮಸ್ಸು ಬಂದುಬಿಡುತ್ತದೆ. ಕತ್ತರಿಗಿಂತ ಮೊದಲು ಉಗುರು ಬಳಸಿ. ಒಣಗಿದಂತೆ ಕಾಣುವ ರೆಂಬೆಯ ಸಿಪ್ಪೆಯನ್ನು ಉಗುರಿನಿಂದ ಒಂದಿಷ್ಟು ಕೆರೆಯಿರಿ. ಒಳಗೆ ಹಸಿರು ಕಂಡರೆ ಜೀವ ಇದೆ. ಕಂದು ಬಣ್ಣವಿದ್ದು ಪಟ್ಟನೆ ಮುರಿದರೆ ಅಷ್ಟು ಭಾಗ ಸತ್ತಿದೆ. ತುದಿಯಿಂದ ಬುಡದ ಕಡೆಗೆ ಕೆರೆಯುತ್ತ ಬನ್ನಿ, ಹಸಿರು ಎಲ್ಲಿ ಶುರುವಾಗುತ್ತದೋ ಅಲ್ಲಿಯವರೆಗೆ ತೆಗೆಯಿರಿ. ಇಡೀ ಗಿಡ ಒಣಗಿದಂತೆ ಕಂಡರೂ ಬುಡದ ಹತ್ತಿರ ಹಸಿರಿದ್ದರೆ ಕೀಳಬೇಡಿ. ಸತ್ತಿದೆ ಎಂದು ನಾನು ಕಿತ್ತೆಸೆದ ಒಂದು ದಾಸವಾಳದ ಬೇರು ಬೆಳ್ಳಗೆ, ಗಟ್ಟಿಯಾಗಿ ಇತ್ತು. ಅದನ್ನು ನೋಡಿದ್ದು ಕಿತ್ತ ಮೇಲೆ.

ಎಲ್ಲ ಗಿಡಗಳನ್ನೂ ಈಗಲೇ ಸವರುವಂತಿಲ್ಲ. ಗುಲಾಬಿಯ ಬಹುಪಾಲು ತಳಿಗಳು ಮತ್ತು ದಾಸವಾಳ ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ, ಅವನ್ನು ಚಿಗುರು ನೀಳವಾಗುವ ಮೊದಲು ಸವರಿದರೆ ಲಾಭ. ವಸಂತದ ಆರಂಭದಲ್ಲೇ ಹೂ ಬಿಡುವ ಪೊದೆಗಳ ಕಥೆ ಬೇರೆ. ಅವು ಹೋದ ವರ್ಷದ ರೆಂಬೆಯಲ್ಲೇ ಮೊಗ್ಗನ್ನು ಕಟ್ಟಿಟ್ಟುಕೊಂಡಿರುತ್ತವೆ. ಈಗ ಕತ್ತರಿಸಿದರೆ ಈ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. ನನ್ನ ಪೊದೆಗೆ ಆದದ್ದು ಇದು. ಯಾವ ಗಿಡ ಯಾವ ಗುಂಪಿನದು ಎಂದು ಗೊತ್ತಿಲ್ಲದಿದ್ದರೆ ಒಂದು ವರ್ಷ ಸುಮ್ಮನೆ ನೋಡಿ. ಹೂ ಮುಗಿದ ಕೂಡಲೇ ಸವರಿದರೆ ಇಂಥ ಗಿಡಕ್ಕೆ ನಷ್ಟವಿಲ್ಲ.

ಗುಲಾಬಿಗೆ ಬಂದರೆ, ಮೊದಲು ಸತ್ತದ್ದು, ಆಮೇಲೆ ರೋಗ ಹತ್ತಿದ್ದು, ಆಮೇಲೆ ಒಂದಕ್ಕೊಂದು ಉಜ್ಜುವ ರೆಂಬೆಗಳಲ್ಲಿ ಸಣಕಲಾದದ್ದು. ಇಷ್ಟು ತೆಗೆದು ಎರಡು ಹೆಜ್ಜೆ ಹಿಂದೆ ನಿಂತು ನೋಡಿ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಮುಗಿದಿರುತ್ತದೆ. ಇನ್ನೂ ಬೇಕೆನಿಸಿದರೆ ಎತ್ತರದಲ್ಲಿ ಹೆಚ್ಚೆಂದರೆ ಮೂರನೇ ಒಂದು ಭಾಗವನ್ನು ಕತ್ತರಿಸಿ ತೆಗೆಯಬಹುದು. ಗಿಡದ ಹೊರಮುಖಕ್ಕೆ ನೋಡುತ್ತಿರುವ ಕಣ್ಣಿನಿಂದ, ಅಂದರೆ ರೆಂಬೆಯಲ್ಲಿ ಚಿಗುರೊಡೆಯುವ ಮೊಗ್ಗಿನಿಂದ, ಅರ್ಧ ಸೆಂಟಿಮೀಟರ್ ಮೇಲೆ ಸ್ವಲ್ಪ ಓರೆಯಾಗಿ ಕತ್ತರಿಸಿ. ಹೊಸ ಕವಲು ಆ ಕಣ್ಣಿನ ದಿಕ್ಕಿಗೇ ಹೊರಡುವುದರಿಂದ ಗಿಡದ ನಡುವೆ ಗಾಳಿ ಬೆಳಕು ಆಡುತ್ತದೆ. ತುದಿ ಕತ್ತರಿಸಿದರೆ ಕೆಳಗಿನಿಂದ ಕವಲೊಡೆಯುವುದಕ್ಕೂ ಒಂದು ಕಾರಣವಿದೆ. ಸುಳಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನ್ ಕೆಳಗಿನ ಕಣ್ಣುಗಳನ್ನು ಏಳಗೊಡದೆ ಮಲಗಿಸಿಟ್ಟಿರುತ್ತದೆ. ಸುಳಿ ಹೋದರೆ ಅವಕ್ಕೆ ಬಿಡುಗಡೆ. ತುಳಸಿಯ ಕುಡಿ ಚಿವುಟಿದಾಗ ಗಿಡ ಗುಬುರಾಗುವುದೂ ಇದೇ ಲೆಕ್ಕದಲ್ಲಿ.

ಕತ್ತರಿ ಹರಿತವಾಗಿರಲಿ. ಮೊಂಡು ಕತ್ತರಿ ರೆಂಬೆಯನ್ನು ಜಜ್ಜುತ್ತದೆ, ಜಜ್ಜಿದ ಗಾಯ ಬೇಗ ಮಾಯುವುದಿಲ್ಲ. ರೋಗದ ಗಿಡ ಮುಟ್ಟಿದ ಮೇಲೆ ಸ್ಪಿರಿಟ್ ಒರೆಸಿಯೇ ಮುಂದಿನ ಗಿಡಕ್ಕೆ ಹೋಗಿ.

ಕುಂಡ ಬದಲಿಸುವುದರಲ್ಲೂ ಅಷ್ಟೇ, ಎಲ್ಲ ಕುಂಡಗಳಿಗೂ ಅದು ಬೇಕಿಲ್ಲ. ತಳದ ತೂತಿನಿಂದ ಬೇರು ಇಣುಕುತ್ತಿದೆಯೇ? ನೀರು ಹೊಯ್ದ ತಕ್ಷಣ ನಿಲ್ಲದೆ ಕೆಳಗೆ ಓಡುತ್ತಿದೆಯೇ? ಮೆಲ್ಲಗೆ ಗಿಡವನ್ನು ಹೊರಗೆಳೆದರೆ ಮಣ್ಣಿಗಿಂತ ಬೇರೇ ಹೆಚ್ಚು ಕಾಣುತ್ತಿದೆಯೇ? ಹಾಗಿದ್ದರೆ ಬದಲಿಸಿ, ಇಲ್ಲದಿದ್ದರೆ ಮೇಲಿನ ಎರಡು ಮೂರು ಸೆಂಟಿಮೀಟರ್ ಹಳೆ ಮಣ್ಣು ಕೆರೆದು ತೆಗೆದು ಹೊಸ ಮಣ್ಣು, ಗೊಬ್ಬರ ತುಂಬಿದರೆ ಒಂದು ವರ್ಷ ಧಾರಾಳ. ಬದಲಿಸುವಾಗ ಹೊಸ ಕುಂಡದ ಅಗಲ ಹಳೆಯದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಹೆಚ್ಚಿದ್ದರೆ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಗಿಡದ ವಿಷಯದಲ್ಲಿ ಕಾಲಿದ್ದಷ್ಟೇ ಹಾಸಿಗೆ ಹಾಸಬೇಕು. ನನ್ನ ಮಲ್ಲಿಗೆಯನ್ನು ಅಂಗೈಯಗಲದ ಕುಂಡದಿಂದ ಎತ್ತಿ ನೇರ ಬಕೆಟ್ಟಿನಷ್ಟು ದೊಡ್ಡ ಕುಂಡಕ್ಕೆ ಹಾಕಿದ್ದೆ, ಪದೇ ಪದೇ ಬದಲಿಸುವ ಕಷ್ಟ ತಪ್ಪಲಿ ಎಂದು. ಬೇರು ತಲುಪದ ಜಾಗದ ಮಣ್ಣಿನ ನೀರನ್ನು ಕುಡಿಯುವವರಿಲ್ಲ. ಅದು ವಾರಗಟ್ಟಲೆ ಹಸಿಯಾಗಿಯೇ ಇತ್ತು, ಬೇರು ಉಸಿರಾಡಲಾಗದೆ ಕೊಳೆಯಿತು.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ಮಾತನ್ನು ನಾನೂ ಬಹಳ ವರ್ಷ ನಂಬಿದ್ದೆ. ಆಗುವುದು ಉಲ್ಟಾ. ಸಣ್ಣ ಕಣದ ಮಣ್ಣಿನಲ್ಲಿ ಹಿಡಿದುಕೊಂಡಿರುವ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಗೆ ತಾಗಿದ ಮಣ್ಣು ತೊಪ್ಪೆಯಾಗುವವರೆಗೂ ಅಲ್ಲೇ ನಿಲ್ಲುತ್ತದೆ. ತಳದಲ್ಲಿರಬೇಕಿದ್ದ ಕೆಸರಿನ ಪದರವನ್ನು ನಾವೇ ಎತ್ತಿ ಬೇರಿನ ಹತ್ತಿರ ತಂದಿಟ್ಟ ಹಾಗಾಗುತ್ತದೆ. ತೂತಿನ ಮೇಲೆ ಒಂದು ತುಂಡು ಬಲೆ, ಮಣ್ಣು ಸೋರದಷ್ಟು, ಸಾಕು. ಉಂಗುರ ಸುತ್ತಿದ ಬೇರುಗಳನ್ನು ಬೆರಳಿನಿಂದ ಬಿಡಿಸಿ ನೆಟ್ಟು, ನೀರು ಕೊಟ್ಟು, ಒಂದು ವಾರ ನೆರಳಿನಲ್ಲಿಡಿ. ಮೂರು ನಾಲ್ಕು ವಾರ ರಾಸಾಯನಿಕ ಗೊಬ್ಬರದ ಸುದ್ದಿ ಬೇಡ, ಗಾಯಗೊಂಡ ಬೇರನ್ನು ಅದು ಸುಡುತ್ತದೆ.

ಬೀಜ ಬಿತ್ತುವುದಕ್ಕೆ ಆತುರ ಎಲ್ಲರಿಗೂ ಇರುತ್ತದೆ, ತಣ್ಣನೆಯ ಮಣ್ಣಿಗೆ ಇರುವುದಿಲ್ಲ. ಬೀನ್ಸ್ ಬೀಜಕ್ಕೆ ಮಣ್ಣು ಕನಿಷ್ಠ 15 ಡಿಗ್ರಿ ಸೆಲ್ಸಿಯಸ್ ಆದರೂ ಬೆಚ್ಚಗಿರಬೇಕು, ಇಲ್ಲದಿದ್ದರೆ ಮೊಳೆಯುವ ಮೊದಲೇ ಕೊಳೆಯುತ್ತದೆ. ಟೊಮೆಟೊ, ಮೆಣಸಿನಕಾಯಿಗೆ 20 ದಾಟಿದರೆ ಖುಷಿ. ಇವೆರಡನ್ನೂ ಟ್ರೇಯಲ್ಲಿ ಸಸಿ ಮಾಡಿ ಆಮೇಲೆ ನೆಡುವುದು ವಾಸಿ. ಬೀನ್ಸ್, ಸೌತೆ, ಮೂಲಂಗಿ, ಕ್ಯಾರೆಟ್‌ಗಳನ್ನು ಪಾತಿಗೇ ಬಿತ್ತಿ, ಬೇರು ಕದಲಿಸಿದರೆ ಅವು ಮುನಿಸಿಕೊಳ್ಳುತ್ತವೆ. ಆಳಕ್ಕೆ ಒಂದು ಅಂದಾಜು: ಬೀಜದ ದಪ್ಪದ ಎರಡು ಮೂರು ಪಟ್ಟು. ಸಾಸಿವೆಯಷ್ಟು ಸಣ್ಣ ಬೀಜವನ್ನು ಬೆರಳು ಆಳಕ್ಕೆ ಹೂತು "ಬೀಜ ಕೆಟ್ಟಿತ್ತು" ಎಂದು ದೂರುವವರನ್ನು ಬಹಳ ನೋಡಿದ್ದೇನೆ.

ಒಳಗೆ ಬೆಳೆದ ಸಸಿಯನ್ನು ನೇರ ಬಿಸಿಲಿಗೆ ನೆಡಬೇಡಿ. ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ, ದಿನದಿನಕ್ಕೆ ಸ್ವಲ್ಪ ಹೆಚ್ಚು ಬಿಸಿಲು, ಸ್ವಲ್ಪ ಗಾಳಿ. ಒಂದು ವಾರ ಹತ್ತು ದಿನ ಹೀಗೆ ಒಗ್ಗಿಸಿದರೆ ಎಲೆ ಬೆಳ್ಳಗೆ ಸುಡುವುದಿಲ್ಲ. ರಾತ್ರಿ ಹಿಮ ಬೀಳುವ ಕಡೆಯಾದರೆ ಅದು ಪೂರ್ತಿ ನಿಲ್ಲುವವರೆಗೆ ಟೊಮೆಟೊ ಹೊರಗೆ ಹೋಗಲೇಬಾರದು. ನೆಡುವಾಗ ಟೊಮೆಟೊದ ಕಾಂಡವನ್ನು ಕೆಳಗಿನ ಎಲೆ ಚಿವುಟಿ ಆಳವಾಗಿಯೇ ಹೂಳಬಹುದು, ಹೂತ ಕಾಂಡದಿಂದಲೂ ಬೇರು ಬಿಡುತ್ತದೆ.

ಕಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೂ ಬಿಡುವ ಮೊದಲು ಕೀಳಿ, ಮಳೆಯ ಮರುದಿನ ಕೀಳಿದರೆ ಬೇರು ಸಮೇತ ಬರುತ್ತದೆ. ಬೀಜ ಕಟ್ಟಿದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಕಿತ್ತ ಜಾಗವನ್ನು ಬೋಳು ಬಿಡದೆ ತರಗೆಲೆಯನ್ನೋ ಒಣ ಹುಲ್ಲನ್ನೋ ಐದಾರು ಸೆಂಟಿಮೀಟರ್ ದಪ್ಪ ಹಾಸಿ. ಆದರೆ ಮಣ್ಣು ಬೆಚ್ಚಗಾದ ಮೇಲೆ ಹಾಸಿ, ಮೊದಲೇ ಹಾಸಿದರೆ ಅದು ತಂಪನ್ನೇ ಹಿಡಿದಿಡುತ್ತದೆ. ಕಾಂಡಕ್ಕೆ ತಾಗಿಸಬೇಡಿ, ಒಂದು ಗೇಣಿನ ಅರ್ಧದಷ್ಟು ಜಾಗ ಬಿಡಿ, ತಾಗಿದರೆ ಬುಡ ಕೊಳೆಯುತ್ತದೆ. ಇಡೀ ತೋಟಕ್ಕೂ ಹಾಸಬೇಡಿ, ಬಿಸಿಲು ಬೀಳುವ ಒಂದು ಮೂಲೆ ಬರಿ ಮಣ್ಣಾಗಿಯೇ ಇರಲಿ. ಜೇನ್ನೊಣದ ಬಳಗದಲ್ಲಿ ಗೂಡಿಗೆ ನೆಲವನ್ನೇ ನೆಚ್ಚಿಕೊಂಡು, ಗುಂಪು ಕಟ್ಟದೆ ಒಂಟಿಯಾಗಿ ಬದುಕುವ ದುಂಬಿಗಳು ಬಹಳ. ನಿಮ್ಮ ಸೌತೆಯ ಹೂವಿಗೆ ಪರಾಗ ತಲುಪಿಸುವವರಲ್ಲಿ ಅವೂ ಸೇರಿವೆ.

ಚಿಗುರು ಬಂದ ಹಿಂದೆಯೇ ಸಸ್ಯಹೇನು ಬರುತ್ತದೆ. ಎಳೆ ತುದಿಯಲ್ಲಿ ಹಸಿರು ಅಥವಾ ಕಪ್ಪು ಚುಕ್ಕಿಗಳು ಗುಂಪಾಗಿ ಕೂತಿದ್ದರೆ ಗಾಬರಿಯಾಗಬೇಡಿ, ನೀರನ್ನು ರಭಸವಾಗಿ ಹಾಯಿಸಿದರೆ ಬಹುಪಾಲು ಉದುರುತ್ತವೆ. ಎರಡು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಮಾಡಿ. ಕಾಂಡದ ಮೇಲೆ ಇರುವೆಗಳ ಸಾಲು ಕಂಡರೆ ತುದಿಯಲ್ಲಿ ಹೇನಿದೆಯೇ ನೋಡಿ. ಹೇನು ವಿಸರ್ಜಿಸುವ ಸಿಹಿ ರಸಕ್ಕಾಗಿ ಇರುವೆಗಳು ಅವನ್ನು ಹಸು ಸಾಕಿದಂತೆ ಸಾಕುತ್ತವೆ, ಶತ್ರುಗಳನ್ನು ಓಡಿಸುತ್ತವೆ. ಆ ಶತ್ರುಗಳಲ್ಲಿ ನಮ್ಮ ಮಿತ್ರ ಗುಲಗಂಜಿ ಹುಳು ಮುಖ್ಯ. ಕೆಂಪು ಬೆನ್ನಿನ, ಕಪ್ಪು ಚುಕ್ಕಿಯ ದೊಡ್ಡ ಹುಳವನ್ನು ಎಲ್ಲರೂ ಗುರುತಿಸುತ್ತಾರೆ. ಅದರ ಮರಿ ಮಾತ್ರ ಬೇರೆಯದೇ ಪ್ರಾಣಿಯ ಹಾಗಿರುತ್ತದೆ: ಉದ್ದ, ಕಪ್ಪು, ಮೈಮೇಲೆ ಕಿತ್ತಳೆ ಮಚ್ಚೆ, ಪುಟಾಣಿ ಮೊಸಳೆಯಂತೆ. ಏನೋ ಭಯಂಕರ ಹುಳು ಎಂದುಕೊಂಡು ಒಂದು ಬೆಳಿಗ್ಗೆ ನಾನು ಅವನ್ನು ಒಂದೊಂದಾಗಿ ಆರಿಸಿ ಹೊಸಕಿಹಾಕಿದ್ದೆ. ಮರುವಾರ ಗುಲಾಬಿಯ ಒಂದೊಂದು ಮೊಗ್ಗೂ ಹೇನಿನಿಂದ ಮುಚ್ಚಿಹೋಗಿತ್ತು. ಗೊತ್ತಿಲ್ಲದ ಹುಳು ಕಂಡರೆ ಈಗ ಮೊದಲು ಅದು ಏನು ತಿನ್ನುತ್ತಿದೆ ಎಂದು ಕೂತು ನೋಡುತ್ತೇನೆ.

ಗೊಬ್ಬರದಲ್ಲಿ ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬಂದು ಹೂ ಹಿಂದೆ ಬೀಳುತ್ತದೆ, ಆ ಮೆತ್ತಗಿನ ಚಿಗುರು ಹೇನಿಗೆ ಔತಣವೂ ಹೌದು. ನೀರು ಬೆಳಿಗ್ಗೆ ಕೊಡಿ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ಒಣಗಿದ್ದರೆ ತಳದಿಂದ ಹರಿಯುವಷ್ಟು ಕೊಡಿ, ಹಸಿಯಿದ್ದರೆ ಬಿಟ್ಟುಬಿಡಿ. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ, ಬಿಸಿಲು ಏರಿದಾಗ ಮೊದಲು ಬಾಡುವುದು ಅಂಥ ಗಿಡ.

ಈ ಭಾನುವಾರಕ್ಕೆ ಇಷ್ಟು ಮಾಡಿ: ಮಣ್ಣು ಹಿಸುಕಿ ನೋಡಿ, ಉಗುರಿನಿಂದ ಕೆರೆದು ಸತ್ತ ರೆಂಬೆ ಗುರುತು ಮಾಡಿ, ಕತ್ತರಿ ಸಾಣೆ ಹಿಡಿಯಿರಿ, ಟೊಮೆಟೊ ಮೆಣಸಿನಕಾಯಿ ಬೀಜ ಟ್ರೇಗೆ ಹಾಕಿ. ಗುಲಾಬಿ ಮುಂದಿನ ವಾರ. ಅಂದ ಹಾಗೆ ನಿಮ್ಮ ಗುಲಾಬಿ ಗಿಡ ಜಾತಿಯದೋ ಬಳ್ಳಿ ಜಾತಿಯದೋ ಬರೆದಿಲ್ಲ. ಬಳ್ಳಿಯಾದರೆ ಮೇಲೆ ಹೇಳಿದ ಮೂರನೇ ಒಂದು ಭಾಗದ ಲೆಕ್ಕ ಅದಕ್ಕಲ್ಲ. ಅದರ ಮುಖ್ಯ ಕಾಂಡಗಳನ್ನು ಮುಟ್ಟದೆ ಅಡ್ಡಕ್ಕೆ ಬಾಗಿಸಿ ಕಟ್ಟಬೇಕು, ಪಕ್ಕದ ಕವಲುಗಳನ್ನು ಮಾತ್ರ ಎರಡು ಮೂರು ಕಣ್ಣು ಉಳಿಸಿ ಕತ್ತರಿಸಬೇಕು. ವರ್ಷಕ್ಕೆ ಒಂದೇ ಸಲ ಹೂ ಬಿಡುವ ಬಳ್ಳಿಯಾದರೆ ಅದನ್ನೂ ಈಗಲ್ಲ, ಹೂ ಮುಗಿದ ಮೇಲೆ. ಯಾವುದೆಂದು ತಿಳಿಸಿ, ಅಲ್ಲಿಯವರೆಗೆ ಆ ಎರಡರ ಹತ್ತಿರ ಕತ್ತರಿ ಒಯ್ಯಬೇಡಿ.