ಒಳ್ಳೆ ಕಥೆ ನಾಲ್ಕನೇ ಪುಟದಲ್ಲಿ ಯಾಕೆ ಅಡಗಿ ಕೂತಿದೆ?

ನಮಸ್ಕಾರ.

ನೀವು ಕಳಿಸಿದ ‘ಜೀವಕೋಶಗಳ ಸ್ನೇಹ’ ಓದಿದೆ. ಬೇರೆ ಬೇರೆ ಪ್ರಾಣಿಗಳ ಕೋಶಗಳನ್ನು ಒಂದೇ ತಟ್ಟೆಯಲ್ಲಿ ಬೆಳೆಸಿದಾಗ ಅವು ಒಂದಕ್ಕೊಂದು ತಾಗಿ ಸಣ್ಣ ಅಣುಗಳನ್ನು ಹಂಚಿಕೊಳ್ಳುವ ವಿಷಯ. ನನಗೆ ತುಂಬಾ ಹಿಡಿಸಿತು. ಆದರೆ ಲೇಖನ ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ.

ಮೊದಲ ಮೂರು ಪುಟ ಪ್ರಕೃತಿಯ ವಿಸ್ಮಯ, ಜೀವವಿಕಾಸ ಅಂತ ಸುಮ್ನೆ ಸುತ್ತಾಡುತ್ತೀರಿ. ನಾಲ್ಕನೇ ಪುಟದಲ್ಲಿ ಒಂದೇ ಸಾಲು: ‘1978ರಲ್ಲಿ ಲಾರೆನ್ಸ್, ಬೀರ್ಸ್, ಗಿಲುಲಾ ಇದನ್ನು ತೋರಿಸಿದರು.’ ಅಯ್ಯೋ, ಲೇಖನ ಇರೋದೇ ಅಲ್ಲಿ! ಸುಂಡಿಲಿಯ ಹೃದಯದ ಕೋಶಗಳು ತಟ್ಟೆಯಲ್ಲೂ ಮಿಡಿಯುತ್ತವೆ. ಅವುಗಳ ಜೊತೆ ಬೇರೆ ಜಾತಿಯ, ದೊಡ್ಡ ಇಲಿಯ ಅಂಡಾಶಯದ ಕೋಶಗಳನ್ನು ಬೆಳೆಸಿದರು. ಅಂಡಾಶಯದ ಕೋಶಗಳನ್ನು ಎಚ್ಚರಿಸುವ ಎಫ್‌ಎಸ್‌ಎಚ್ ಹಾರ್ಮೋನು ಹಾಕಿದರು. ಹೃದಯದ ಕೋಶಕ್ಕೂ ಆ ಹಾರ್ಮೋನಿಗೂ ಸಂಬಂಧವೇ ಇಲ್ಲ. ಆದರೂ ಮಿಡಿತ ಜೋರಾಯಿತು! ಹೃದಯದ ಕೋಶವನ್ನು ಚುರುಕುಗೊಳಿಸುವ ನಾರ್‌ಅಡ್ರಿನಲಿನ್ ಹಾಕಿದಾಗ ಉಲ್ಟಾ: ಹೃದಯದ ಕೋಶಕ್ಕೆ ತಾಗಿದ್ದ ಅಂಡಾಶಯದ ಕೋಶ ತನ್ನ ಕೆಲಸ ಶುರು ಮಾಡಿತು. ಒಂದು ಕೋಶದಿಂದ ಇನ್ನೊಂದಕ್ಕೆ ದಾಟಿದ್ದು ಸೈಕ್ಲಿಕ್ ಎಎಂಪಿ, ಅಂದರೆ ಹಾರ್ಮೋನಿನ ಸಂದೇಶವನ್ನು ಕೋಶದೊಳಗೆ ಸಾಗಿಸುವ ಸಣ್ಣ ಅಣು, ಇರಬೇಕು ಅಂತ ಅವರ ತರ್ಕ. ಓದುಗರಿಗೆ ಆ ತಟ್ಟೆಯನ್ನು ಮೊದಲ ಪ್ಯಾರಾದಲ್ಲೇ ತೋರಿಸಿ. ತಾಗದೆ ದೂರ ಉಳಿದ ಕೋಶಗಳಲ್ಲಿ ಈ ಬದಲಾವಣೆ ಇರಲಿಲ್ಲ ಅನ್ನೋದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಅದಿಲ್ಲದಿದ್ದರೆ ಹಾರ್ಮೋನು ದ್ರವದಲ್ಲೇ ಹರಿದು ಕೆಲಸ ಮಾಡಿತು ಅಂತ ಯಾರಾದರೂ ಹೇಳಬಹುದು, ಅಲ್ವಾ?

ಇನ್ನು ತಪ್ಪುಗಳು. ‘ವಂಶವಾಹಿಗಳೂ ವಿನಿಮಯವಾಗುತ್ತವೆ’ ಎಂದಿದ್ದೀರಿ. ಈ ದಾರಿಯಲ್ಲಿ ಆಗುವುದಿಲ್ಲ. ತಾಗಿದ ಕೋಶಗಳ ನಡುವಿನ ಈ ದಾರಿಯ ಹೆಸರು ಗ್ಯಾಪ್ ಜಂಕ್ಷನ್; ಅದು ಕನೆಕ್ಸಿನ್ ಅನ್ನುವ ಪ್ರೋಟೀನುಗಳಿಂದಾದ ಸಣ್ಣ ಕೊಳವೆ. ಅದರಲ್ಲಿ ಸುಮಾರು 1000 ಡಾಲ್ಟನ್‌ (ಅಣುವಿನ ತೂಕದ ಅಳತೆ) ವರೆಗಿನ ಅಣುಗಳು ಮಾತ್ರ ತೂರುತ್ತವೆ: ಅಯಾನು, ಸಕ್ಕರೆ, ನ್ಯೂಕ್ಲಿಯೊಟೈಡ್. ಪ್ರೋಟೀನು, ಡಿಎನ್‌ಎ ದೊಡ್ಡವು. ‘ಯಾವ ಪ್ರಾಣಿಯಾದರೂ ಸರಿ’ ಅನ್ನೋದೂ ಜಾಸ್ತಿಯಾಯಿತು. 1977ರಲ್ಲಿ ಎಪ್‌ಸ್ಟೈನ್ ಮತ್ತು ಗಿಲುಲಾ ನೋಡಿದಾಗ ಕೀಟದ ಕೋಶ ಬೆನ್ನೆಲುಬಿರುವ ಪ್ರಾಣಿಯ ಕೋಶದೊಂದಿಗೆ ಜೋಡಿಯಾಗಲಿಲ್ಲ. ಕೀಟಗಳ ಕೊಳವೆಗಳು ಇನ್ನೆಕ್ಸಿನ್ ಅನ್ನುವ ಬೇರೆಯೇ ಪ್ರೋಟೀನಿನವು. ಇದನ್ನು ಖಂಡಿತ ಸೇರಿಸಿ, ಲೇಖನಕ್ಕೆ ಬಿಗಿ ಬರುತ್ತದೆ.

‘ಪಕ್ಕದ ಮನೆಗೆ ಪಾಯಸ ಕೊಟ್ಟ ಹಾಗೆ’ ಅನ್ನೋದು ಮೂರು ಸಲ ಬಂದಿದೆ. ಮೂರನ್ನೂ ತೆಗೆಯಿರಿ. ಕೊಡಬೇಕು ಅಂತ ಯಾವ ಕೋಶವೂ ಕೊಡುವುದಿಲ್ಲ, ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಣು ಹರಿಯುತ್ತದೆ, ಅಷ್ಟೇ. ‘ಮನುಷ್ಯರೂ ಹೀಗೆ ಬಾಳಬೇಕು’ ಅನ್ನುವ ಕೊನೆಯ ಪ್ಯಾರಾವೂ ಬೇಡ. ಶೀರ್ಷಿಕೆ ಬದಲಿಸಿ.

ಎಂಟುನೂರು ಪದ ಸಾಕು. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ