ಓದಿನಲ್ಲಿ ತುಂಬಾ ಮುಂದಿರುವ ಮಗಳು ಸಣ್ಣ ಸೋಲಿಗೂ ಅಳುತ್ತಾಳೆ, ಏನು ಮಾಡಲಿ?

ಏಳು ವರ್ಷದ ಮಗಳು ಐದನೇ ಕ್ಲಾಸಿನ ಲೆಕ್ಕ ಬಿಡಿಸುತ್ತಾಳೆ, ಆದರೆ ಚೌಕಾಬಾರದಲ್ಲಿ ಯಾರಾದರೂ ಅವಳ ಕಾಯಿ ಹೊಡೆದರೆ ಕವಡೆ ಎಸೆದು ಅಳುತ್ತಾಳೆ ಅಂತ ಬರೆದಿದ್ದೀರಿ. ಇದು ಹಟ ಅಲ್ಲ. ಇಂಥ ಮಕ್ಕಳ ಬುದ್ಧಿ ಮುಂದೆ ಓಡಿರುತ್ತದೆ, ಮನಸ್ಸು ಎಷ್ಟೋ ಸಲ ವಯಸ್ಸಿಗೆ ತಕ್ಕಂತೆಯೇ ಇರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ (1886–1939) ಇದನ್ನು ಆಗಲೇ ಗುರುತಿಸಿದ್ದರು. "ಇಷ್ಟು ಜಾಣೆ, ಇದು ಗೊತ್ತಾಗಲ್ವಾ?" ಅನ್ನಬೇಡಿ. ಅವಳಿಗಿನ್ನೂ ಏಳೇ ವರ್ಷ, ಅಲ್ವಾ?

ಅಳುವಾಗ ಬುದ್ಧಿಮಾತು ಬೇಡ. ಪಕ್ಕದಲ್ಲಿ ಕೂತು "ಸೋತಿದ್ದಕ್ಕೆ ಬೇಜಾರಾಯ್ತಾ ಪುಟ್ಟಿ?" ಅಂತ ಕೇಳಿ ಸುಮ್ಮನಿರಿ. ಮಿಕ್ಕ ಮಾತು ಆಮೇಲೆ.

ಹೊಗಳುವಾಗ ಜಾಸ್ತಿ ಎಚ್ಚರ ಬೇಕು. ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, "ನೀನು ಬುದ್ಧಿವಂತ" ಅನ್ನಿಸಿಕೊಂಡ ಐದನೇ ಕ್ಲಾಸಿನ ಮಕ್ಕಳು ಒಮ್ಮೆ ಸೋತ ಮೇಲೆ ಬೇಗ ಉತ್ಸಾಹ ಕಳೆದುಕೊಂಡರು. ಶ್ರಮಕ್ಕೆ ಹೊಗಳಿಸಿಕೊಂಡವರು ಬಿಡದೆ ಪ್ರಯತ್ನಿಸಿದರು. ಹಾಗಾಗಿ "ಈ ದಾರಿ ಹೇಗೆ ಹೊಳೀತು?" ಅಂತ ಕೇಳಿ. ನೆಂಟರ ಮುಂದೆ ಮಗ್ಗಿ ಹೇಳಿಸುವುದನ್ನಂತೂ ದಯವಿಟ್ಟು ಬಿಡಿ. ಜಾಣೆಯಾಗಿದ್ದರೆ ಮಾತ್ರ ತನ್ನನ್ನು ಇಷ್ಟಪಡುತ್ತಾರೆ ಅಂತ ಮಗು ಅಂದುಕೊಳ್ಳಬಾರದು.

ವಾರದಲ್ಲಿ ಸ್ವಲ್ಪ ಹೊತ್ತು ಅವಳಿಗೆ ಸುಲಭವಾಗಿ ಬರದ ಏನಾದರೂ ಇರಲಿ: ಈಜು, ಮಣ್ಣಿನ ಕೆಲಸ, ಏನಾದರೂ. ನೀವೂ ಅವಳ ಎದುರೇ ಕಲಿಯಿರಿ, ತಪ್ಪು ಮಾಡಿ.

ನಿದ್ದೆ, ಊಟ ಕೆಟ್ಟರೆ ಅಥವಾ ಶಾಲೆಗೇ ಹೋಗಲ್ಲ ಅಂದರೆ ಕಾಯಬೇಡಿ, ಮಕ್ಕಳ ಆಪ್ತಸಮಾಲೋಚಕರನ್ನು ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ.